ಬ್ಯಾಟರಿಗೆ ನೀರು ಹಾಕುವವರು ಯಾರು?

ಕರ್ನಾಟಕದ ಮನೆಗಳಿಗೆ ಸೋಲಾರ್ ದೀಪ ಬಂದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪ್ಯಾನೆಲ್ಲಿನ ಬೆಲೆಯಿಂದ ಶುರುಮಾಡುತ್ತಾರೆ. ಬೆಲೆ ಎಷ್ಟಿತ್ತು, ಎಷ್ಟಕ್ಕಿಳಿಯಿತು, ಸಬ್ಸಿಡಿ ಯಾವ ವರ್ಷ ಬಂತು, ರಾಜ್ಯದಲ್ಲಿ ಒಟ್ಟು ಎಷ್ಟು ಮೆಗಾವ್ಯಾಟ್ ಆಯಿತು ಎಂಬ ಲೆಕ್ಕದಲ್ಲಿ ಕಥೆ ಮುಗಿಯುತ್ತದೆ. ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಮಾಡಿನ ಮೇಲೆ ಕೂರಿಸಿದ ಪ್ಯಾನೆಲ್ಲು ನಾಲ್ಕೈದು ವರ್ಷದ ಮೇಲೂ ಕೆಳಗಿನ ಅಡುಗೆಮನೆಗೆ ಬೆಳಕು ಕೊಡುತ್ತಿತ್ತೇ ಎಂದು ಕೇಳಿದರೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಬೇರೆಯದೇ ಚರಿತ್ರೆ ಕಾಣುತ್ತದೆ. ಬ್ಯಾಟರಿಗೆ ನೀರು ಹಾಕುವವರು ಯಾರು, ಗಾಜು ಒರೆಸುವವರು ಯಾರು, ಕೆಟ್ಟಾಗ ಬರುವವರು ಯಾರು, ಅವರ ಬಸ್ ಚಾರ್ಜು ಯಾರ ಕಿಸೆಯಿಂದ ಎಂಬುದು ದೀಪ ಹಚ್ಚುವ ಮೊದಲೇ ತೀರ್ಮಾನವಾಗಿದ್ದ ಕಡೆ ಸೋಲಾರ್ ಉಳಿಯಿತು. ತೀರ್ಮಾನವಾಗದ ಕಡೆ ಪ್ಯಾನೆಲ್ಲು ಎಷ್ಟೇ ಒಳ್ಳೆಯದಿದ್ದರೂ ದೀಪ ಆರಿತು. ಈ ಮಾತನ್ನು ಸಾಧಿಸುವಷ್ಟು ಸಾಕ್ಷ್ಯ ನಮ್ಮ ಕರಾವಳಿ, ಮಲೆನಾಡು ಮತ್ತು ಬೆಂಗಳೂರಿನ ಚರಿತ್ರೆಯಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ದೀಪವನ್ನು ನೋಡಿಕೊಳ್ಳುವುದು ನಮ್ಮ ಮನೆಗಳಿಗೆ ಹೊಸತೇನೂ ಆಗಿರಲಿಲ್ಲ. ಸೀಮೆಎಣ್ಣೆಯ ಕಾಲದಲ್ಲಿ ಸಂಜೆಯಾಗುವ ಮುಂಚೆ ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುವುದು, ಬತ್ತಿಯ ಕರಕಲು ತುದಿಯನ್ನು ಕತ್ತರಿಸುವುದು, ಎಣ್ಣೆ ಎಷ್ಟಿದೆಯೆಂದು ನೋಡುವುದು ದಿನದ ಕೆಲಸಗಳಲ್ಲೊಂದಾಗಿತ್ತು. ಬಹುಪಾಲು ಹೆಂಗಸರೋ ಮಕ್ಕಳೋ ಮಾಡುತ್ತಿದ್ದ ಈ ಕೆಲಸವನ್ನು ಯಾರೂ ದುರಸ್ತಿ ಎಂದು ಕರೆಯಲಿಲ್ಲ. ಗಾಜು ಮಸಿ ಹಿಡಿದರೆ ಅದೇ ರಾತ್ರಿ ಕಣ್ಣಿಗೆ ತಿಳಿಯುತ್ತಿತ್ತು, ಮರುದಿನ ಉಜ್ಜುತ್ತಿದ್ದರು. ಮದುವೆಮನೆಯ ಪೆಟ್ರೋಮ್ಯಾಕ್ಸಿಗೆ ಇನ್ನೂ ಹೆಚ್ಚಿನ ಕುಶಲತೆ ಬೇಕಿತ್ತು. ಪಂಪು ಹೊಡೆದು, ಮ್ಯಾಂಟಲ್ ಹರಿಯದಂತೆ ಹೊತ್ತಿಸಬಲ್ಲ ಒಬ್ಬಿಬ್ಬರು ಪ್ರತಿ ಊರಲ್ಲೂ ಇದ್ದರು, ಅವರಿಗೆ ಅದರ ಮರ್ಯಾದೆಯೂ ಇತ್ತು.

ಕರೆಂಟು ಈ ಅಭ್ಯಾಸವನ್ನು ಮನೆಯಿಂದ ಹೊರಗೆ ಒಯ್ದಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ಹರಿದಾಗ ಅದರ ಜೊತೆಗೆ ಕಂಬ ಹತ್ತುವವರು, ತಂತಿ ಎಳೆಯುವವರು, ಫ್ಯೂಸು ಹಾಕುವವರು ಎಂಬ ನೌಕರವರ್ಗವೂ ಬಂತು. ಬಲ್ಬು ಉರಿಯದಿದ್ದರೆ ಮನೆಯವರ ಪಾಲಿಗಿದ್ದದ್ದು ಹೊಸ ಬಲ್ಬು ಕೊಳ್ಳುವುದು ಅಥವಾ ಲೈನ್‌ಮನ್‌ಗೆ ಹೇಳಿಕಳಿಸುವುದು, ಎರಡೇ. ಲೈನ್‌ಮನ್ ತಡವಾಗಿ ಬರಬಹುದು, ಮಳೆಗಾಲದಲ್ಲಿ ವಾರವೇ ಹಿಡಿಯಬಹುದು. ಆದರೂ ಅವರು ಬರಬೇಕಾದವರು, ಅವರ ಸಂಬಳ ನಮ್ಮ ಬಿಲ್ಲಿನಲ್ಲೇ ಸೇರಿದೆ ಎಂಬುದರಲ್ಲಿ ಸಂಶಯವಿರಲಿಲ್ಲ. ಸೋಲಾರ್ ಬಂದಾಗ ಈ ಏರ್ಪಾಟು ಮುರಿಯಿತು. ಉತ್ಪಾದನೆ, ಸಂಗ್ರಹ, ವಿತರಣೆ ಮೂರೂ ಒಂದೇ ಸೂರಿನ ಕೆಳಗೆ ಬಂದವು. ವಿದ್ಯುತ್ ಮಂಡಳಿ ಸಾವಿರಾರು ಜನರನ್ನಿಟ್ಟು ಮಾಡಿಸುತ್ತಿದ್ದ ಕೆಲಸವೆಲ್ಲ ಒಂದು ಮನೆಯ ತಲೆಗೆ ಬಂತು. ಲಾಟೀನು ಉಜ್ಜುವ ಅಭ್ಯಾಸ ಆ ಹೊತ್ತಿಗೆ ಎಷ್ಟೋ ಕಡೆ ಮರೆತುಹೋಗಿತ್ತು. ಮರೆಯದ ಕಡೆಯೂ ಈ ಹೊಸ ದೀಪಕ್ಕೆ ಅಂಥದ್ದೇನೂ ಬೇಡವೆಂದು ಹೇಳಿಕೊಡಲಾಗಿತ್ತು.

ಹಾಗೆ ಹೇಳಿಕೊಡುವುದಕ್ಕೂ ಒಂದು ಹಿನ್ನೆಲೆಯಿದೆ. ಇಂದಿನ ಸಿಲಿಕಾನ್ ಸೌರಕೋಶ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅದಕ್ಕೆ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಬಾಹ್ಯಾಕಾಶದಲ್ಲಿ. 1958ರ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಮಿಟರ್‌ಗಳಿದ್ದವು. ಬ್ಯಾಟರಿಯಿಂದ ನಡೆಯುತ್ತಿದ್ದದ್ದು ಅದೇ ವರ್ಷ ನಿಂತಿತು, ಸೌರಕೋಶದಿಂದ ನಡೆಯುತ್ತಿದ್ದದ್ದು 1964ರವರೆಗೆ ಸಂಕೇತ ಕಳಿಸುತ್ತಲೇ ಇತ್ತು. ಯಾರೂ ಹೋಗಿ ಒರೆಸಲಾರದ, ತಿರುಪು ಬಿಗಿಮಾಡಲಾರದ ಜಾಗದಲ್ಲಿ ವರ್ಷಗಟ್ಟಲೆ ದುಡಿದ ವಸ್ತು ಭೂಮಿಗಿಳಿದಾಗ, ತಿರುಗುವ ಭಾಗವಿಲ್ಲ, ಎಣ್ಣೆ ಬೇಡ, ನಿರ್ವಹಣೆಯೇ ಇಲ್ಲ ಎಂಬ ಹೆಸರನ್ನು ಹೊತ್ತು ಬಂತು. ಆದರೆ ವ್ಯಾನ್‌ಗಾರ್ಡ್ ಕಲಿಸಿದ ಪಾಠದ ಇನ್ನರ್ಧವೆಂದರೆ, ಮೊದಲು ಸೋಲುವುದು ಬ್ಯಾಟರಿ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಕಕ್ಷೆಗೆ ಹೋದ ಆರ್ಯಭಟದ ಮೈಮೇಲೆಲ್ಲ ಸೌರಫಲಕಗಳಿದ್ದವು. ವಿದ್ಯುತ್ ಪೂರೈಕೆಯ ದೋಷದಿಂದ ನಾಲ್ಕೇ ದಿನಕ್ಕೆ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಫಲಕಕ್ಕೆ ಬಿಸಿಲು ಬಿದ್ದಮಾತ್ರಕ್ಕೆ ಉಪಕರಣಕ್ಕೆ ವಿದ್ಯುತ್ ಮುಟ್ಟೀತೆಂಬ ಖಾತ್ರಿಯಿಲ್ಲವೆಂದು ನಮಗೆ ಮೊದಲ ಉಪಗ್ರಹವೇ ತಿಳಿಸಿತ್ತು.

ಮನೆಯ ಸೋಲಾರ್ ವ್ಯವಸ್ಥೆಯೊಳಗೆ ಏನಿತ್ತೆಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1990ರ ದಶಕದ ಮಾದರಿಯಲ್ಲಿ ಮಾಡಿನ ಮೇಲೆ ಮೂವತ್ತೈದು-ನಲವತ್ತು ವ್ಯಾಟಿನ ಒಂದು ಪ್ಯಾನೆಲ್ಲು, ಗೋಡೆಗೆ ಚಾರ್ಜ್ ಕಂಟ್ರೋಲರ್, ಮೂಲೆಯಲ್ಲಿ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ, ಕೋಣೆಗೊಂದರಂತೆ ನಾಲ್ಕು ಸಿಎಫ್ಎಲ್ ದೀಪ ಇರುತ್ತಿದ್ದವು. ಪ್ಯಾನೆಲ್ಲಿನ ಆಯುಷ್ಯ ಇಪ್ಪತ್ತು-ಇಪ್ಪತ್ತೈದು ವರ್ಷ. ಬ್ಯಾಟರಿಯದು ಚೆನ್ನಾಗಿ ನೋಡಿಕೊಂಡರೆ ಐದು ವರ್ಷದ ಆಸುಪಾಸು, ನೋಡಿಕೊಳ್ಳದಿದ್ದರೆ ಎರಡೂ ಕಷ್ಟ. ಚಾರ್ಜ್ ಆಗುವಾಗ ಅದರೊಳಗಿನ ನೀರು ಕಡಿಮೆಯಾಗುತ್ತದೆ, ಆಗಾಗ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಬೇಕು. ಬಾವಿಯ ನೀರು ಹಾಕಿದರೆ ಅದರ ಲವಣವೇ ಪ್ಲೇಟುಗಳನ್ನು ತಿನ್ನುತ್ತದೆ. ಪೂರ್ತಿ ಬರಿದಾಗಲು ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹಾಗಾಗದಂತೆ ತಡೆಯಲೆಂದೇ ಇರುವ ಕಂಟ್ರೋಲರ್ ರಾತ್ರಿ ಟಿ.ವಿ. ನೋಡುವ ಹೊತ್ತಿಗೆ ಕರೆಂಟು ಕಡಿದರೆ, ತಂತಿಯನ್ನು ನೇರವಾಗಿ ಬ್ಯಾಟರಿಗೇ ಕೊಟ್ಟುಕೊಳ್ಳುವವರು ಎಲ್ಲ ಊರುಗಳಲ್ಲೂ ಇದ್ದರು. ಆ ಒಂದು ರಾತ್ರಿಯ ಅನುಕೂಲಕ್ಕೆ ಬ್ಯಾಟರಿ ತನ್ನ ಆಯುಷ್ಯವನ್ನು ತೆರುತ್ತಿತ್ತು.

ಊರಿಗೊಂದರಂತೆ ತೊಂದರೆಯೂ ಬೇರೆಯಾಗುತ್ತಿತ್ತು. ಕರಾವಳಿಯ ಉಪ್ಪುಗಾಳಿಗೆ ಟರ್ಮಿನಲ್‌ಗಳು ಹಸಿರು ಕಿಲುಬು ಹಿಡಿಯುತ್ತವೆ, ವ್ಯಾಸಲೀನ್ ಸವರಿದ್ದರೆ ಉಳಿಯುತ್ತವೆ. ಮಲೆನಾಡಿನಲ್ಲಿ ಮಳೆ ಧೂಳನ್ನೇನೋ ತೊಳೆಯುತ್ತದೆ, ಆದರೆ ಚೌಕಟ್ಟಿನ ಕೆಳ ಅಂಚಿನಲ್ಲಿ ಪಾಚಿ ಬೆಳೆಸುತ್ತದೆ. ಅಲ್ಲಿ ಮಂಗಗಳ ಕಾಟವೂ ಇದೆ. ಬೇಸಿಗೆಯಲ್ಲಿ ಬಿಸಿಲು ನೋಡಿ ಕೂರಿಸಿದ ಪ್ಯಾನೆಲ್ಲಿನ ಮೇಲೆ ನಾಲ್ಕು ವರ್ಷದಲ್ಲಿ ಅಡಿಕೆ ಮರದ ನೆರಳು ಬಂದು ಬೀಳುತ್ತದೆ. ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಿರುವುದರಿಂದ ಒಂದೆರಡರ ಮೇಲೆ ಬಿದ್ದ ಸೋಗೆಯ ನೆರಳು ಇಡೀ ಪ್ಯಾನೆಲ್ಲನ್ನು ಕುಗ್ಗಿಸುತ್ತದೆ. ಬಯಲುಸೀಮೆಯಲ್ಲಿ ಧೂಳು, ಹಕ್ಕಿಯ ಹಿಕ್ಕೆ. ಇವು ಯಾವುವೂ ದೊಡ್ಡ ದೋಷಗಳಲ್ಲ. ವರ್ಷಕ್ಕೆ ಮೂರು-ನಾಲ್ಕು ಸಲ ತಿಳಿದವರೊಬ್ಬರು ಬಂದು ಅರ್ಧ ಗಂಟೆ ಕೂತರೆ ತೀರುವಂಥವು. ಆ ಅರ್ಧ ಗಂಟೆಯನ್ನು ಏರ್ಪಡಿಸುವುದೇ ದಶಕಗಳ ಸವಾಲಾಗಿ ಉಳಿದಿದೆ.

ಸರ್ಕಾರ ಈ ಸವಾಲನ್ನು ಬಹುಕಾಲ ಗಮನಿಸಲಿಲ್ಲ. ಅಸಾಂಪ್ರದಾಯಿಕ ಇಂಧನಕ್ಕೆ ಕೇಂದ್ರದಲ್ಲಿ 1982ರಲ್ಲಿ ಇಲಾಖೆ, 1992ರಲ್ಲಿ ಸಚಿವಾಲಯ ಬಂದವು. ಸೋಲಾರ್ ಲಾಟೀನು, ಬೀದಿದೀಪ, ಮನೆದೀಪಗಳನ್ನು ರಿಯಾಯಿತಿ ದರದಲ್ಲೋ ಪುಕ್ಕಟೆಯಾಗಿಯೋ ಹಂಚುವ ಯೋಜನೆಗಳು ನಡೆದವು. ಗುರಿಯಿದ್ದದ್ದು ಹಂಚಿದ ಸಂಖ್ಯೆಗೆ. ಎಷ್ಟು ಕೊಟ್ಟೆವು ಎಂದು ಜಿಲ್ಲೆಯಿಂದ ವರದಿ ಹೋಗುತ್ತಿತ್ತು, ಎಷ್ಟು ಉರಿಯುತ್ತಿವೆ ಎಂದು ಹೋಗುತ್ತಿರಲಿಲ್ಲ. ಪಂಚಾಯಿತಿಗಳ ಸೋಲಾರ್ ಬೀದಿದೀಪ ಇದರ ಅತ್ಯಂತ ಕಣ್ಣಿಗೆ ಕಾಣುವ ಉದಾಹರಣೆ. ಬ್ಯಾಟರಿ ಸತ್ತಿರುವ ಅಥವಾ ಕಳುವಾಗಿರುವ ಕಂಬಗಳು ತಲೆಯ ಮೇಲೆ ಒಳ್ಳೆಯ ಪ್ಯಾನೆಲ್ಲನ್ನೇ ಹೊತ್ತು ನಿಂತಿರುವುದನ್ನು ರಾಜ್ಯದ ಯಾವ ತಾಲ್ಲೂಕಿನಲ್ಲಾದರೂ ನೋಡಬಹುದು. ಹಂಚಿದ ಅಧಿಕಾರಿಗಳಲ್ಲಿ ಪ್ರಾಮಾಣಿಕತೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಮಂಜೂರಾದ ಹಣದಲ್ಲಿ ಪೆಟ್ಟಿಗೆಯ ಬೆಲೆ ಇತ್ತು, ಮೂರನೆಯ ವರ್ಷದ ಡಿಸ್ಟಿಲ್ಡ್ ವಾಟರಿನ ಬೆಲೆ ಇರಲಿಲ್ಲ. ಇದ್ದ ಹಣಕ್ಕೆ ತಕ್ಕ ಫಲ ಸಿಕ್ಕಿತು.

1990ರ ದಶಕದಲ್ಲಿ ಕರಾವಳಿ ಮತ್ತು ಮಲೆನಾಡಿನಲ್ಲಿ ಬೇರೊಂದು ದಾರಿ ತೆರೆಯಿತು. ಅಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ನಡುವೆ, ಗುಡ್ಡದ ಆಚೆ, ಹೊಳೆಯ ಅಂಚಿಗೆ ಒಂಟಿ ಮನೆಗಳು. ಅಂಥ ಒಂದು ಮನೆಗೆ ಕಂಬ ನೆಟ್ಟು ತಂತಿ ಎಳೆಯುವುದೆಂದರೆ ಮಂಡಳಿಗೆ ಯಾವ ಕಾಲಕ್ಕೂ ಲಾಭವಿಲ್ಲ. ಎಳೆದರೂ ಆಷಾಢದ ಗಾಳಿಗೆ ಮರ ಬಿದ್ದು ಕಡಿಯುತ್ತದೆ. ಶರಾವತಿಯ ನೀರಿನಿಂದ ರಾಜ್ಯಕ್ಕೆಲ್ಲ ವಿದ್ಯುತ್ ಹೋದರೂ ಅದೇ ಮುಳುಗಡೆ ಪ್ರದೇಶದ ಎಷ್ಟೋ ಮನೆಗಳು ದಶಕಗಟ್ಟಲೆ ಸೀಮೆಎಣ್ಣೆಯಲ್ಲೇ ಕಳೆದವು. ಹೀಗೆ ಬೇಡಿಕೆ ಇತ್ತು. ತಯಾರಿಕೆಯೂ ಹತ್ತಿರದಲ್ಲೇ ಇತ್ತು, ಟಾಟಾ ಬಿಪಿ ಸೋಲಾರ್ 1989ರಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿತ್ತು. ಇಲ್ಲದಿದ್ದದ್ದು ಕೊಳ್ಳುವ ದಾರಿ ಮತ್ತು ನೋಡಿಕೊಳ್ಳುವ ಜನ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಸೆಲ್ಕೋ ಕಂಪನಿಯ ಮಹತ್ವ ಇಲ್ಲಿದೆ. ಅದು ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಬೇರೆಯವರು ತಯಾರಿಸಿದ ಪ್ಯಾನೆಲ್ಲು, ಬ್ಯಾಟರಿಗಳನ್ನು ಮನೆಯ ಅಗತ್ಯಕ್ಕೆ ತಕ್ಕಂತೆ ಜೋಡಿಸಿತು, ಹತ್ತಿರದ ಪೇಟೆಯಲ್ಲಿ ಸೇವಾಕೇಂದ್ರ ತೆರೆದು ಊರಿನ ಹುಡುಗರನ್ನೇ ತಂತ್ರಜ್ಞರನ್ನಾಗಿ ಇಟ್ಟಿತು. ಮೊದಲ ವರ್ಷದ ಸೇವೆ ಬೆಲೆಯಲ್ಲೇ ಸೇರಿತ್ತು, ಆಮೇಲೆ ವಾರ್ಷಿಕ ಒಪ್ಪಂದ. ಬ್ಯಾಟರಿಗೆ ನೀರು ಹಾಕುವವರು ಯಾರೆಂಬುದಕ್ಕೆ ಖರೀದಿಯ ದಿನವೇ ಉತ್ತರ ಸಿಕ್ಕಿತು.

ಹಣದ ದಾರಿಯನ್ನು ತೆರೆದದ್ದು ಬ್ಯಾಂಕುಗಳು. ನಾಲ್ಕು ದೀಪದ ವ್ಯವಸ್ಥೆಗೆ ಹದಿನೈದು-ಹದಿನೆಂಟು ಸಾವಿರ ರೂಪಾಯಿ, ಆ ಕಾಲಕ್ಕೆ ಕೂಲಿಯವರಿಗಿರಲಿ, ಸಣ್ಣ ತೋಟದವರಿಗೂ ಒಟ್ಟಿಗೆ ತೆಗೆದಿಡುವ ಮೊತ್ತವಾಗಿರಲಿಲ್ಲ. ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳು ಇದಕ್ಕೆ ಸಾಲ ಕೊಡಲು ಮುಂದೆ ಬಂದವು. ಈ ಬೆಳವಣಿಗೆ ಕರಾವಳಿಗೆ ಸಹಜವಾಗಿತ್ತು ಎನ್ನಲು ಕಾರಣವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿತ್ತು. ಏಜೆಂಟರು ದಿನಾ ಮನೆ-ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆ ವಸೂಲು ಮಾಡುತ್ತಿದ್ದರು. ಸಣ್ಣ ಮೊತ್ತವನ್ನು ಸಣ್ಣ ಅಂತರದಲ್ಲಿ ಬಾಗಿಲಿಗೇ ಬಂದು ಪಡೆಯುವ ಅಭ್ಯಾಸ ಆ ಜಿಲ್ಲೆಗಳಲ್ಲಿ ಎಪ್ಪತ್ತು ವರ್ಷ ಹಳೆಯದಾಗಿತ್ತು. ಬೀದಿ ವ್ಯಾಪಾರಿಗೆ ತಿಂಗಳಿಗೆ ಮುನ್ನೂರು ಭಾರ, ದಿನಕ್ಕೆ ಹತ್ತು ಹಗುರ ಎಂಬುದನ್ನು ವ್ಯಾಪಾರಿಗಳಿಂದಲೇ ಕಲಿತೆವೆಂದು ಹಂದೆ ಹಲವು ಸಲ ಹೇಳಿದ್ದಾರೆ. ಪಿಗ್ಮಿಯ ನಾಡಿನಲ್ಲಿ ಇದು ಯಾರಿಗೂ ವಿಚಿತ್ರವೆನಿಸಲಾರದು.

ಸಾಲವು ದೀಪವನ್ನು ಕೊಳ್ಳಲು ನೆರವಾಯಿತು ಎಂಬಲ್ಲಿಗೇ ನಿಲ್ಲುವುದು ಅದರ ಅರ್ಧ ಕೆಲಸವನ್ನು ಮಾತ್ರ ನೋಡಿದಂತೆ. ಸಾಲವು ದೀಪವನ್ನು ಕಾಯಿತು ಕೂಡ. ದೀಪ ಕೆಟ್ಟರೆ ಮನೆಯವರು ಕಂತು ಕಟ್ಟುವುದನ್ನು ನಿಲ್ಲಿಸುತ್ತಾರೆ. ಕಂತು ನಿಂತರೆ ಬ್ಯಾಂಕಿನ ಮ್ಯಾನೇಜರರು ಕಂಪನಿಗೆ ಫೋನು ಮಾಡುತ್ತಾರೆ. ಕಂಪನಿ ಹುಡುಗನನ್ನು ಕಳಿಸದಿದ್ದರೆ ಮುಂದಿನ ಸಾಲ ಮಂಜೂರಾಗುವುದಿಲ್ಲ, ವ್ಯಾಪಾರವೇ ನಿಲ್ಲುತ್ತದೆ. ದೀಪ ಉರಿಯುತ್ತಿರಬೇಕೆಂಬುದು ಮೂವರಿಗೂ ಸ್ವಾರ್ಥವಾಯಿತು. ಪುಕ್ಕಟೆ ಲಾಟೀನಿನ ಸುತ್ತ ಇಂಥ ಕಾವಲು ಇರಲು ಸಾಧ್ಯವೇ ಇರಲಿಲ್ಲ. ಸಾಲದ ಅವಧಿ ಸಾಮಾನ್ಯವಾಗಿ ಐದು ವರ್ಷದೊಳಗೆ, ಬ್ಯಾಟರಿಯ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ. ಕೊನೆಯ ಕಂತು ಕಟ್ಟುವ ಹೊತ್ತಿಗೆ ಹೊಸ ಬ್ಯಾಟರಿಯ ಕಾಲ ಬರುತ್ತಿತ್ತು. ಹಳೆಯದನ್ನು ಅದರ ಸೀಸದ ಬೆಲೆಗೆ ಕೊಟ್ಟು, ಉಳಿದದ್ದಕ್ಕೆ ಹೊಸದಾಗಿ ಹಣ ಹೊಂದಿಸಬಹುದಿತ್ತು. ಈ ಹೊಂದಾಣಿಕೆಯನ್ನು ಯಾರಾದರೂ ಬೇಕೆಂದೇ ಯೋಜಿಸಿದರೋ ಇಲ್ಲವೋ, ಕೆಲಸವನ್ನಂತೂ ಮಾಡಿತು.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಇದನ್ನೇ ದೊಡ್ಡದು ಮಾಡಿತು. ನೆರವು ಕೊಟ್ಟದ್ದು ಪ್ಯಾನೆಲ್ಲಿನ ಬೆಲೆಗಲ್ಲ, ಸಾಲದ ಬಡ್ಡಿಗೆ. ಅದನ್ನೂ ಹಂತಹಂತವಾಗಿ ಇಳಿಸಿದರು. ಮಾರಾಟಗಾರರನ್ನು ಆರಿಸುವಾಗ ಮಾರಾಟದ ನಂತರದ ಸೇವೆಯನ್ನೂ ಅಳೆದರು. ನಾಲ್ಕು ವರ್ಷಗಳಲ್ಲಿ ಕರ್ನಾಟಕ ಮತ್ತು ಕೇರಳದ ಕೆಲ ಭಾಗಗಳಲ್ಲಿ ಇಪ್ಪತ್ತು ಸಾವಿರದ ಹತ್ತಿರ ಮನೆಗಳಿಗೆ ಸಾಲ ಹೋಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಬಡವರ ಮನೆಗೆ ಬೆಳಕು ತಂದವರೆಂದು ಬರೆದವು. ಅದು ಸರಿ. ಬೈಕಿನ ಹಿಂದೆ ಡಿಸ್ಟಿಲ್ಡ್ ವಾಟರಿನ ಕ್ಯಾನು ಕಟ್ಟಿಕೊಂಡು ಮಳೆಗಾಲದ ಕೆಸರು ದಾರಿಯಲ್ಲಿ ಹೋದ ತಂತ್ರಜ್ಞರಿಗೂ ಆ ಶ್ರೇಯಸ್ಸಿನಲ್ಲಿ ಪಾಲಿದೆ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪ ಏಳುತ್ತದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಪೇಟೆಯ ಶ್ರೀಮಂತರ ಮನೆಗೆ ಕಂಬ-ತಂತಿ ಎಳೆದುಕೊಟ್ಟ ಸರ್ಕಾರ, ಗುಡ್ಡದ ಬಡವರಿಗೆ ಮಾತ್ರ ನಿಮ್ಮ ವಿದ್ಯುತ್ತನ್ನು ನೀವೇ ಬಡ್ಡಿ ಕೊಟ್ಟು ಕೊಂಡುಕೊಳ್ಳಿ ಎನ್ನುವುದು ಯಾವ ನ್ಯಾಯ? ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದು ಬಲ್ಬು ಪಡೆದವರು ಲೈನ್‌ಮನ್‌ರ ಬಸ್ ಚಾರ್ಜು ಕೊಡಲಿಲ್ಲ, ಇವರೇಕೆ ಕೊಡಬೇಕು? ಈ ಪ್ರಶ್ನೆ ನ್ಯಾಯದ್ದು, ಅದಕ್ಕೆ ಸಾಲದ ಸಮರ್ಥಕರು ಪೂರ್ತಿ ಉತ್ತರ ಕೊಟ್ಟಿದ್ದಾರೆಂದು ನನಗನ್ನಿಸುವುದಿಲ್ಲ. ಆದರೆ ಈ ಆಕ್ಷೇಪವೇ ನನ್ನ ವಾದವನ್ನು ಗಟ್ಟಿಮಾಡುತ್ತದೆ. ಭಾಗ್ಯಜ್ಯೋತಿಯ ಬಲ್ಬು ಉರಿಯಲು ಸರ್ಕಾರ ತೆರುತ್ತಿದ್ದದ್ದು ಬಲ್ಬಿನ ಬೆಲೆಯನ್ನಷ್ಟೇ ಅಲ್ಲ, ಲೈನ್‌ಮನ್‌ರ ಸಂಬಳವನ್ನೂ ತೆರುತ್ತಿತ್ತು. ಸೋಲಾರಿಗೆ ಸಹಾಯಧನ ಕೊಟ್ಟಾಗ ಎರಡನೆಯದನ್ನು ಕೈಬಿಟ್ಟಿತು. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜು ಪ್ಯಾನೆಲ್ಲುಗಳಿಗೆ ದಾನಿಗಳ ಹಣ ತಂದರೂ ಹಳ್ಳಿಯ ಸಮಿತಿ ಪ್ರತಿ ಮನೆಯಿಂದ ಮಾಸಿಕ ವಂತಿಗೆ ಎತ್ತಿ, ತರಬೇತಾದ ಹೆಂಗಸರಿಗೆ ದುರಸ್ತಿಯ ಕೂಲಿ ಕೊಡುವ ಕ್ರಮ ಇಟ್ಟಿತು. ಹಣ ದಾನದಿಂದ ಬರಲಿ, ತೆರಿಗೆಯಿಂದ ಬರಲಿ, ಕಂತಿನಿಂದ ಬರಲಿ, ಅದರಲ್ಲಿ ನೋಡಿಕೊಳ್ಳುವವರ ಕೂಲಿ ಸೇರಿರಬೇಕು. ಮನೆಯವರೇ ಕೊಡಬೇಕೆಂದು ನಾನು ವಾದಿಸುತ್ತಿಲ್ಲ, ಯಾರಾದರೊಬ್ಬರು ಕೊಡುತ್ತಿರಬೇಕು ಎನ್ನುತ್ತಿದ್ದೇನೆ. ಆ ಕೂಲಿ ಅಗ್ಗವೂ ಅಲ್ಲ. 2005ರ ಆಸುಪಾಸಿನಲ್ಲಿ ಜರ್ಮನಿಯ ಬೇಡಿಕೆಯಿಂದ ಜಗತ್ತಿನಾದ್ಯಂತ ಪ್ಯಾನೆಲ್ ಬೆಲೆ ಏರಿದಾಗ ಸೆಲ್ಕೋ ಕೂಡ ನಷ್ಟಕ್ಕೆ ಸಿಲುಕಿತು. ಹಳ್ಳಿಹಳ್ಳಿಗೆ ಸೇವಾಕೇಂದ್ರ ನಡೆಸುವವರ ಕೈಯಲ್ಲಿ ಅಂಥ ಪೆಟ್ಟು ತಾಳಿಕೊಳ್ಳುವಷ್ಟು ಉಳಿತಾಯ ಇರುವುದಿಲ್ಲ.

ಬೆಂಗಳೂರಿನ ಸೋಲಾರ್ ವಾಟರ್ ಹೀಟರಿನ ಚರಿತ್ರೆ ಇನ್ನೊಂದು ಕಡೆಯಿಂದ ಇದಕ್ಕೆ ಸಾಕ್ಷಿ. ದೇಶದ ಬೇರಾವ ದೊಡ್ಡ ನಗರದಲ್ಲೂ ಇಷ್ಟೊಂದು ತಾರಸಿಗಳ ಮೇಲೆ ಬಿಸಿನೀರಿನ ಟ್ಯಾಂಕು ಕಾಣುವುದಿಲ್ಲ. ಅಳವಡಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಸಿಗುತ್ತಿತ್ತು, 2007ರಿಂದ ಹೊಸ ಕಟ್ಟಡಗಳಿಗೆ ಹೀಟರ್ ಕಡ್ಡಾಯವಾಯಿತು. ಈ ಹೀಟರುಗಳಿಗೂ ದೊಡ್ಡ ಶತ್ರುವಿದೆ, ಕೊಳವೆಬಾವಿಯ ಗಡಸು ನೀರು. ತಾಮ್ರದ ಕೊಳವೆಗಳೊಳಗೆ ಸುಣ್ಣದ ಪದರ ಕಟ್ಟಿ ನೀರಿನ ಹರಿವೇ ನಿಲ್ಲುತ್ತದೆ. ಆಗ ಆಮ್ಲ ಹಾಕಿ ತೊಳೆಯಬೇಕು, ಇಲ್ಲವೇ ಮೊದಲೇ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೊಳ್ಳಬೇಕು. ಗಾಜಿನ ಟ್ಯೂಬಿನವು ಬಂದ ಮೇಲೆ ಸುಣ್ಣದ ಕಾಟ ತುಸು ತಗ್ಗಿತು, ಟ್ಯೂಬು ಒಡೆಯುವ ಕಾಟ ಸೇರಿತು. ಹೀಗಿದ್ದೂ ಊರಿಡೀ ಹೀಟರ್ ರಿಪೇರಿಯವರು ಬೆಳೆದರು, ಬದುಕಿದರು. ಕಾರಣ ಸರಳ. ಹೀಟರ್ ಕೆಟ್ಟರೆ ಮರುದಿನ ಬೆಳಿಗ್ಗೆ ಸ್ನಾನಕ್ಕೆ ನಿಂತವರಿಗೆ ತಣ್ಣೀರು ತಾಗುತ್ತದೆ. ಹತ್ತು ಗಂಟೆಯೊಳಗೆ ಮೆಕ್ಯಾನಿಕ್‌ಗೆ ಫೋನು ಹೋಗುತ್ತದೆ. ಲಾಟೀನಿನ ಮಸಿಯ ಹಾಗೆ ಇಲ್ಲಿಯೂ ದೋಷ ತಾನಾಗಿ ಕಾಣಿಸಿಕೊಳ್ಳುತ್ತದೆ. ಕಾಣುವ ದೋಷದ ಸುತ್ತ ರಿಪೇರಿಯ ಕಸುಬು ಸರ್ಕಾರದ ನೆರವಿಲ್ಲದೆಯೂ ಬೆಳೆಯಿತು.

ಇದೆಲ್ಲ ಮುಗಿದ ಕಥೆ ಎನ್ನುವವರಿದ್ದಾರೆ. 2017ರ ಸೌಭಾಗ್ಯ ಯೋಜನೆಯ ಹೊತ್ತಿಗೆ ತಂತಿ ಬಹುತೇಕ ಎಲ್ಲ ಊರಿಗೂ ಮುಟ್ಟಿತು. ಎಲ್ಇಡಿ ಬಂದು ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಬೆಳಕು ಕೊಟ್ಟಿತು. ನೀರು ಕೇಳದ ಲಿಥಿಯಂ ಬ್ಯಾಟರಿ ಬಂತು. ಇನ್ನು ಇಂದಿನ ಮನೆ ತಾರಸಿಯ ಸೋಲಾರಿನಲ್ಲಿ ಬ್ಯಾಟರಿಯೇ ಇಲ್ಲ, ಮನೆ ಬಳಸಿ ಉಳಿದದ್ದು ನೆಟ್ ಮೀಟರ್ ಮೂಲಕ ವಿದ್ಯುತ್ ಕಂಪನಿಯ, ಅಂದರೆ ಎಸ್ಕಾಂನ ತಂತಿಗೆ ಹೋಗುತ್ತದೆ. ಅಂದಮೇಲೆ ನೀರು ಹಾಕುವವರ ಮಾತೇಕೆ? ಬ್ಯಾಟರಿಯ ಮಟ್ಟಿಗೆ ಈ ಮಾತನ್ನು ಒಪ್ಪಬೇಕು, ಅತ್ಯಂತ ದುರ್ಬಲ ಕೊಂಡಿ ನಿಜಕ್ಕೂ ಕಳಚಿತು. ಆದರೆ ಅದರೊಂದಿಗೆ ದೋಷವನ್ನು ಕೂಗಿ ಹೇಳುತ್ತಿದ್ದ ಕೊಂಡಿಯೂ ಕಳಚಿತು ಎಂಬುದನ್ನು ಗಮನಿಸಬೇಕು. ಬ್ಯಾಟರಿ ಸತ್ತರೆ ಮನೆ ಕತ್ತಲಾಗುತ್ತಿತ್ತು. ಇಂದು ತಾರಸಿಯ ಪ್ಯಾನೆಲ್ಲು ಅರ್ಧ ಕೆಲಸ ಮಾಡಿದರೂ, ಇನ್ವರ್ಟರ್ ಸುಟ್ಟು ಏನೂ ಮಾಡದಿದ್ದರೂ, ಕೆಳಗೆ ಫ್ಯಾನು ತಿರುಗುತ್ತಲೇ ಇರುತ್ತದೆ. ಕೊರತೆಯನ್ನು ಎಸ್ಕಾಂ ತುಂಬುತ್ತದೆ. ದೋಷ ಕಾಣುವುದು ತಿಂಗಳ ಮೇಲೆ ಬಿಲ್ಲಿನಲ್ಲಿ, ಅದೂ ಬಿಲ್ಲನ್ನು ಕೂತು ಓದುವವರಿಗೆ. ರಾಜ್ಯದ 2023ರ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಶೂನ್ಯವಾಗಿರುವ ಮನೆಯಲ್ಲಿ ಅಷ್ಟೂ ಸೂಚನೆ ಸಿಗದು. ಫೋನಿನ ಆ್ಯಪ್‌ನಲ್ಲಿ ಎಲ್ಲ ಕಾಣುತ್ತದಲ್ಲ ಎಂದರೆ, ಇವತ್ತು ಎಷ್ಟು ಬಂತೆಂದು ಅದು ಹೇಳುತ್ತದೆ, ಎಷ್ಟು ಬರಬೇಕಿತ್ತು ಎಂಬುದು ತಿಳಿಯದವರಿಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಮನೆಯ ವೈಫೈ ಬದಲಾದ ದಿನ ಆ ಅಂಕಿಯೂ ನಿಲ್ಲುತ್ತದೆ.

ಕೆಲಸ ಕಡಿಮೆಯಾಯಿತು ಎಂಬುದೂ ಪೂರ್ತಿ ನಿಜವಲ್ಲ, ಅದರ ಸ್ವರೂಪ ಬದಲಾಯಿತು. ಧೂಳು ಅದೇ ಧೂಳು. ಮಳೆಯಿಲ್ಲದ ತಿಂಗಳುಗಳಲ್ಲಿ, ಅದರಲ್ಲೂ ರಸ್ತೆ ಕಾಮಗಾರಿಯ ಬದಿಯಲ್ಲಿ, ಗಾಜು ಬೇಗ ಮಂಕಾಗುತ್ತದೆ. ಒಂದೇ ಕೋಶದ ಮೇಲೆ ಒಣಗಿದ ಹಿಕ್ಕೆ ಅಲ್ಲೇ ಕಾವು ಏರಿಸಿ ಕೋಶವನ್ನೇ ಸುಡಬಲ್ಲದು. ತೊಳೆಯುವುದು ಬೆಳಗಿನ ತಂಪಿನಲ್ಲಿ ಅಥವಾ ಬಿಸಿಲಿಳಿದ ಮೇಲೆ, ಮೆತ್ತನೆಯ ಬಟ್ಟೆಯಿಂದ. ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡುವ ಭಯವಿದೆ. ಕೊಳವೆಬಾವಿಯ ನೀರು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಉಳಿದು ಧೂಳಿಗಿಂತ ಹಟಮಾರಿಯಾಗುತ್ತದೆ. ಇಷ್ಟನ್ನು ಮನೆಯವರೇ ಮಾಡಿಕೊಳ್ಳಬಹುದು. ಆದರೆ ಹಳೆಯ 12 ವೋಲ್ಟಿನ ವ್ಯವಸ್ಥೆಯಲ್ಲಿ ಮನೆಯ ಹುಡುಗ ತಂತಿ ಮುಟ್ಟಿ ಸರಿಮಾಡಬಹುದಾಗಿತ್ತು. ಇಂದಿನ ಪ್ಯಾನೆಲ್ ಸಾಲಿನಲ್ಲಿ ನೂರಾರು ವೋಲ್ಟಿನ ಡಿಸಿ ಹರಿಯುತ್ತದೆ, ಬಿಸಿಲಿರುವವರೆಗೆ ಅದನ್ನು ಪೂರ್ತಿ ಆರಿಸುವ ಸ್ವಿಚ್ಚಿಲ್ಲ. ಸಡಿಲ ಕನೆಕ್ಟರು, ಇಲಿ ಕಡಿದ ಕೇಬಲ್ಲು, ಒದ್ದೆಯಾದ ಜೋಡಣೆ, ಸವೆದ ಅರ್ತಿಂಗ್ ಇವನ್ನು ತರಬೇತಾದವರೇ ಮುಟ್ಟಬೇಕು. ಹೊರಗಿನವರ ನೆರವು ಇಂದು ಅಂದಿಗಿಂತ ಹೆಚ್ಚು ಬೇಕಾಗಿದೆ. ಪಾವಗಡದ 2,050 ಮೆಗಾವ್ಯಾಟಿನ, ಸುಮಾರು 13,000 ಎಕರೆಯ ಸೋಲಾರ್ ಪಾರ್ಕಿನಲ್ಲಿ ಒರೆಸುವವರು, ಹುಲ್ಲು ಕತ್ತರಿಸುವವರು, ತಪಾಸಣೆ ಮಾಡುವವರು ಎಂದು ಜನರಿದ್ದಾರೆ. ಅಲ್ಲಿ ಒಂದೊಂದು ಯೂನಿಟ್ಟಿಗೂ ಲೆಕ್ಕ ಕೇಳುವ ಮಾಲೀಕರಿದ್ದಾರೆ. ಮೂರು ಕಿಲೋವ್ಯಾಟಿನ ತಾರಸಿಗೆ ಅಂಥವರು ಯಾರೂ ಇಲ್ಲ. ಅಂಥ ಏಳು ಲಕ್ಷ ತಾರಸಿಗಳು ಸೇರಿದರೆ ಮಾತ್ರ ಪಾವಗಡದಷ್ಟೇ ದೊಡ್ಡ ಸ್ಥಾವರವಾಗುತ್ತದೆ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ದೇಶದ ಒಂದು ಕೋಟಿ ಮನೆ. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಅಳವಡಿಸಿದವರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬ ಷರತ್ತೂ ಇದೆ. ಲಾಟೀನು ಹಂಚಿದ ಕಾಲಕ್ಕೆ ಹೋಲಿಸಿದರೆ ಇದು ನಿಜವಾದ ಮುನ್ನಡೆ, ಅದನ್ನು ಮನಸಾರೆ ಒಪ್ಪಬೇಕು. ಆದರೆ ಪ್ಯಾನೆಲ್ಲಿನ ಆಯುಷ್ಯ ಇಪ್ಪತ್ತೈದು ವರ್ಷ, ಬ್ಯಾಂಕು ಕೊಡುವ ಸಾಲ ಹತ್ತು ವರ್ಷದವರೆಗೆ. ಇನ್ವರ್ಟರಿಗೆ ದೊಡ್ಡ ಖರ್ಚು ಬರುವುದೂ ಸಾಮಾನ್ಯವಾಗಿ ಮೊದಲ ಐದು ವರ್ಷ ಕಳೆದ ಮೇಲೆ. ಕಂತು ಕಟ್ಟುತ್ತಿರುವಾಗಲೇ ನೋಡಿಕೊಳ್ಳುವವರು ಇಲ್ಲವಾಗುತ್ತಾರೆ. ಕರಾವಳಿಯಲ್ಲಿ ಸಾಲ ಮತ್ತು ಬ್ಯಾಟರಿ ಜೊತೆಜೊತೆಗೆ ಮುಗಿಯುತ್ತಿದ್ದ ಹೊಂದಾಣಿಕೆ ಇಲ್ಲಿ ತಪ್ಪಿದೆ. ಸೂರ್ಯಮಿತ್ರ ತರಬೇತಿಯಲ್ಲಿ 2015ರಿಂದ ತಯಾರಾದ ಯುವಕರು ಜಿಲ್ಲೆಗಳಲ್ಲಿದ್ದಾರೆ, ಐಟಿಐ ಓದಿದವರಿದ್ದಾರೆ. ಅವರನ್ನು ವರ್ಷಕ್ಕೆರಡು ಸಲ ತಾರಸಿ ಹತ್ತಿಸುವ ಒಪ್ಪಂದ, ಆ ಒಪ್ಪಂದಕ್ಕೆ ಹಣ ಇಲ್ಲ.

ಇದನ್ನು ಸರಿಪಡಿಸಲು ಹೊಸ ಇಲಾಖೆ ಬೇಕಿಲ್ಲ. ತಿಂಗಳಿಗೊಮ್ಮೆ ಮೀಟರ್ ಓದುವವರು ಹೇಗೂ ಬಾಗಿಲಿಗೆ ಬರುತ್ತಾರೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡಬೇಕು, ಮಳೆಗಾಲದಲ್ಲಿ ಕಡಿಮೆ, ಫೆಬ್ರುವರಿ-ಮಾರ್ಚಿನಲ್ಲಿ ಹೆಚ್ಚು. ಸೋಲಾರ್ ಮೀಟರಿನ ಅಂಕಿಯ ಪಕ್ಕದಲ್ಲಿ ಆ ತಿಂಗಳು ಅದೇ ಊರಿನ ತಾರಸಿಗಳು ಸರಾಸರಿ ಎಷ್ಟು ಕೊಟ್ಟವು ಎಂದು ಬಿಲ್ಲಿನಲ್ಲಿ ಒಂದು ಸಾಲು ಅಚ್ಚಾದರೆ ಸಾಕು, ಮಸಿ ಹಿಡಿದ ಗಾಜು ಮತ್ತೆ ಕಣ್ಣಿಗೆ ಕಾಣತೊಡಗುತ್ತದೆ. ಸ್ಮಾರ್ಟ್ ಮೀಟರ್ ಬಂದು ಓದುವವರೇ ಇಲ್ಲವಾದರೆ ಅದೇ ಸಾಲನ್ನು ಎಸ್ಎಂಎಸ್‌ನಲ್ಲಿ ಕಳಿಸಬಹುದು. ಬ್ಯಾಂಕಿನ ಪಾಲಿನದು ಇನ್ನೊಂದು: ಹತ್ತು ವರ್ಷದ ಸಾಲಕ್ಕೆ ಹತ್ತು ವರ್ಷದ ನಿರ್ವಹಣಾ ಒಪ್ಪಂದ ಕೇಳುವುದು, ಅದರ ಶುಲ್ಕವನ್ನು ಕಂತಿನೊಳಗೇ ಸೇರಿಸುವುದು, ಸೇವೆ ಕೊಡದ ಮಾರಾಟಗಾರರಿಗೆ ಮುಂದಿನ ಸಾಲದ ಚೀಟಿ ನಿಲ್ಲಿಸುವುದು. ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ ವಿಲೀನವಾಗಿದೆ. ಮಾರಾಟಗಾರರ ಸೇವೆಯನ್ನು ಅಳೆದು ಸಾಲ ಕೊಟ್ಟ ಎರಡು ಬ್ಯಾಂಕುಗಳ ಅನುಭವ ಇಂದು ಒಂದೇ ಸಂಸ್ಥೆಯ ಕಡತಗಳಲ್ಲಿದೆ, ಈ ಷರತ್ತನ್ನು ಮೊದಲು ಹಾಕಬೇಕಾದದ್ದೂ ಅದೇ ಸಂಸ್ಥೆ.